ಮಳೆಯ ಲೆಕ್ಕ ಬೇರೆ, ಮಣ್ಣಿನ ಲೆಕ್ಕ ಬೇರೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ವಿಜಯಪುರದಲ್ಲಿ ಸುರಿಯುವುದು ಸುಮಾರು 600 ಮಿ.ಮೀ. ಜನವರಿಯಲ್ಲಿ ಎರಡೂ ಸೀಮೆಗಳನ್ನು ಒಮ್ಮೆ ಸುತ್ತಿ ಬಂದರೆ ಈ ಅಂಕಿಗಳು ತಲೆಕೆಳಗಾದಂತೆ ಕಾಣುತ್ತವೆ. ವಿಜಯಪುರದ ಎರೆ ಹೊಲಗಳಲ್ಲಿ, ಬಿತ್ತಿದಂದಿನಿಂದ ಹೇಳಿಕೊಳ್ಳುವಂಥ ಮಳೆ ಕಾಣದ ಹಿಂಗಾರಿ ಜೋಳ ತೆನೆ ತುಂಬಿ ನಿಂತಿರುತ್ತದೆ. ಸುಟ್ಟ ಎಳೆ ತೆನೆಯ ಸೀತನಿ ತಿನ್ನಲು ಊರೂರಿಂದ ಬೀಗರು ಬಂದಿರುತ್ತಾರೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಅದೇ ಹೊತ್ತಿಗೆ ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸ ಶುರುವಾಗಿರುತ್ತದೆ. ಮಾರ್ಚ್ ಬಂದರೆ ಗುಡ್ಡದ ಮೇಲಿನ ಮನೆಗಳ ಬಾವಿಗಳಲ್ಲಿ ತಳ ಕಾಣುತ್ತದೆ.

ಮುಂಗಾರು ಕಾಲಿಟ್ಟೊಡನೆ ನಾವು ಮಿಲಿಮೀಟರು ಎಣಿಸತೊಡಗುತ್ತೇವೆ. ಎಲ್ಲಿ ಎಷ್ಟು ಸುರಿಯಿತು, ಜಲಾಶಯಕ್ಕೆ ಎಷ್ಟು ಅಡಿ ನೀರು ಬಂತು, ವಾಡಿಕೆಗಿಂತ ಶೇಕಡ ಎಷ್ಟು ಹೆಚ್ಚಾಯಿತು ಎಂಬುದೇ ಸುದ್ದಿ. ಗಿಡಕ್ಕೆ ಈ ಲೆಕ್ಕ ತಲುಪುವುದೇ ಇಲ್ಲ. ಅದರ ಬೇರಿಗೆ ತಿಳಿಯುವುದು ಎರಡೇ ಸಂಗತಿ: ಸುತ್ತಲಿನ ಮಣ್ಣಿನಲ್ಲಿ ಹೀರಿಕೊಳ್ಳಲು ಸಿಗುವ ನೀರು ಎಷ್ಟಿದೆ, ಉಸಿರಾಡಲು ಸಿಗುವ ಗಾಳಿ ಎಷ್ಟಿದೆ. ಮಳೆ ಜೋರಾದ ವರ್ಷ ಒಂದು ಬೆಳೆ ಉಳಿಯುವುದಕ್ಕೂ ಕೈಬಿಡುವುದಕ್ಕೂ ಈ ಎರಡರ ಹದವೇ ಕಾರಣ. ಆ ಹದವನ್ನು ಕಾಯುವುದು ಮಣ್ಣು. ಮಣ್ಣನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದು ಮಾತ್ರ ನಮ್ಮ ಜವಾಬ್ದಾರಿ. ನಾಡಿನ ಮಳೆಗಾಲದ ಚರ್ಚೆಯಲ್ಲಿ ಅತಿ ಕಡಿಮೆ ಮಾತಾಡುವುದು ಈ ಜವಾಬ್ದಾರಿಯ ಬಗ್ಗೆಯೇ.

ಮಣ್ಣಿನೊಳಗೆ ನೀರು ಎಲ್ಲಿ ನಿಲ್ಲುತ್ತದೆ?

ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದ ಮಳೆಯನ್ನು ‘ಭಾರಿ ಮಳೆ’ ಎನ್ನುತ್ತದೆ, 204.4 ಮಿ.ಮೀ. ಮೀರಿದರೆ ಅದು ‘ಅತ್ಯಂತ ಭಾರಿ ಮಳೆ’. ಅಂದರೆ ಒಂದು ಸಾಧಾರಣ ಭಾರಿ ಮಳೆಯ ದಿನ ಪ್ರತಿ ಎಕರೆಗೂ ಎರಡೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಬಂದಿಳಿಯುತ್ತದೆ. ಇದರಲ್ಲಿ ಒಂದು ಪಾಲು ಇಂಗುತ್ತದೆ, ಒಂದು ಪಾಲು ಹರಿದು ಹಳ್ಳ ಸೇರುತ್ತದೆ, ಇನ್ನೊಂದು ಪಾಲು ಬೇರಿನ ಆಳ ದಾಟಿ ಕೆಳಗಿಳಿಯುತ್ತದೆ. ಗಿಡದ ಪಾಲಿಗೆ ಉಳಿಯುವುದು ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ನೀರಷ್ಟೆ.

ಆರೋಗ್ಯವಂತ ಮಣ್ಣಿನಲ್ಲಿ ಅರ್ಧದಷ್ಟು ಜಾಗ ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ರಂಧ್ರಗಳು. ದೊಡ್ಡ ರಂಧ್ರಗಳಲ್ಲಿ ನೀರು ನಿಲ್ಲುವುದಿಲ್ಲ, ಬಸಿದು ಹೋಗಿ ಗಾಳಿಗೆ ಜಾಗ ಬಿಡುತ್ತದೆ. ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ. ಜೋರು ಮಳೆ ನಿಂತು ಎರಡು ಮೂರು ದಿನ ಕಳೆದ ಮೇಲೆ, ಬಸಿಯಬೇಕಾದದ್ದೆಲ್ಲ ಬಸಿದು, ಸಣ್ಣ ರಂಧ್ರಗಳಲ್ಲಿ ನೀರೂ ದೊಡ್ಡವುಗಳಲ್ಲಿ ಗಾಳಿಯೂ ತುಂಬಿದ ಸ್ಥಿತಿ ಬರುತ್ತದೆ. ರೈತರು ‘ಹದ’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಅಲ್ಲಿಂದ ನೀರು ಕಡಿಮೆಯಾಗುತ್ತ ಹೋಗಿ, ಬೇರು ಎಷ್ಟೇ ಎಳೆದರೂ ಕಣಗಳು ಬಿಟ್ಟುಕೊಡದ ಮಟ್ಟ ಮುಟ್ಟಿದಾಗ ಗಿಡ ಬಾಡುತ್ತದೆ. ಈ ಎರಡು ಮಟ್ಟಗಳ ನಡುವೆ ಇರುವುದೇ ಬೆಳೆಯ ನಿಜವಾದ ಬಂಡವಾಳ.

ಆ ಬಂಡವಾಳ ಎಲ್ಲ ಮಣ್ಣಿಗೂ ಒಂದೇ ಅಲ್ಲ. ಒಂದು ಮೀಟರ್ ಆಳದ ಎರೆ ಮಣ್ಣು ಗಿಡಕ್ಕೆ ದಕ್ಕುವಂಥ ನೀರನ್ನು 150ರಿಂದ 200 ಮಿ.ಮೀ.ವರೆಗೆ ಹಿಡಿದಿಡಬಲ್ಲದು. ಮರಳು ಹೆಚ್ಚಿರುವ ಮಣ್ಣಿಗೆ ಅದರ ಅರ್ಧವೂ ಆಗುವುದಿಲ್ಲ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಅಷ್ಟೇ ಬೇಗ ಕೆಳಗಿಳಿಯುತ್ತದೆ. ಎಷ್ಟೋ ಕಡೆ ಮಣ್ಣಿನ ಪದರವೇ ತೆಳು, ಅದರ ಕೆಳಗೆ ಕಲ್ಲು. ಹಿಡಿದಿಡುವ ಶಕ್ತಿಗೆ ಮಿತಿ ಇರುವಾಗ ಮೇಲೆ ಬೀಳುವ ಮಳೆ ಎರಡು ಸಾವಿರವಾದರೂ ಏಳು ಸಾವಿರವಾದರೂ ಬೇಸಿಗೆಗೆ ಉಳಿಯುವುದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ನೀರಿನಲ್ಲಿ ನಿಂತೂ ಬಾಡುವ ಗಿಡ

ಮಳೆ ವಾರಗಟ್ಟಲೆ ಬಿಡದೆ ಹಿಡಿದಾಗ ದೊಡ್ಡ ರಂಧ್ರಗಳೂ ನೀರಿನಿಂದ ತುಂಬುತ್ತವೆ. ಬೇರಿನ ಕಷ್ಟ ಅಲ್ಲಿಂದ ಶುರು. ಬೇರೂ ಉಸಿರಾಡುತ್ತದೆ, ಅದಕ್ಕೂ ಆಮ್ಲಜನಕ ಬೇಕು. ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರು ನಿಂತ ಮಣ್ಣಿನಲ್ಲಿ ಇದ್ದಬದ್ದ ಆಮ್ಲಜನಕವನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಒಂದೆರಡು ದಿನಗಳಲ್ಲೇ ಮುಗಿಸುತ್ತವೆ. ಉಸಿರು ಕಟ್ಟಿದ ಬೇರಿಗೆ ನೀರನ್ನು ಮೇಲೆತ್ತುವ ಶಕ್ತಿ ಉಳಿಯುವುದಿಲ್ಲ. ಹೀಗಾಗಿ ಮೊಣಕಾಲುದ್ದ ನೀರಿನಲ್ಲಿ ನಿಂತ ಗಿಡ ಬರಗಾಲದ ಗಿಡದಂತೆಯೇ ಎಲೆ ಜೋಲಿಸುತ್ತದೆ.

ಇದರ ಬೆನ್ನಿಗೇ ಎಲೆ ಹಳದಿಯಾಗುತ್ತದೆ. ಆಮ್ಲಜನಕ ತೀರಿದ ಮೇಲೆ ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಳ್ಳತೊಡಗುತ್ತವೆ. ರೈತ ದುಡ್ಡು ಕೊಟ್ಟು ಹಾಕಿದ ಸಾರಜನಕ ಅನಿಲವಾಗಿ ಗಾಳಿ ಸೇರುತ್ತದೆ. ಅದರಲ್ಲೊಂದು ಪಾಲು ಭೂಮಿಯ ತಾಪ ಹೆಚ್ಚಿಸುವ ನೈಟ್ರಸ್ ಆಕ್ಸೈಡ್. ಇನ್ನೊಂದು ಪಾಲು ನೀರಿನೊಂದಿಗೆ ಕೆಳಗೆ ಬಸಿಯುತ್ತದೆ. ಹಳದಿ ಬಣ್ಣ ಕಂಡೊಡನೆ, ನೀರು ನಿಂತಿರುವಾಗಲೇ ಇನ್ನೊಂದು ಚೀಲ ಯೂರಿಯಾ ಎರಚಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಮೊದಲು ನೀರು ಬಸಿಯಬೇಕು, ಬೇರು ಚೇತರಿಸಿಕೊಳ್ಳಬೇಕು. ತುರ್ತಿಗೆ ಎಲೆಯ ಮೇಲೆ ತೆಳುವಾಗಿ ಪೋಷಕಾಂಶ ಸಿಂಪಡಿಸಿ ಎಂದು ಕೃಷಿ ವಿಜ್ಞಾನಿಗಳು ಸಲಹೆ ಮಾಡುವುದು ಇದೇ ಕಾರಣಕ್ಕೆ: ಬೇರು ಕೆಲಸ ಮಾಡದ ದಿನಗಳಲ್ಲಿ ಗಿಡಕ್ಕೆ ಉಣಿಸುವ ದಾರಿ ಎಲೆಯೊಂದೇ.

ಕಲಬುರಗಿಯ ತೊಗರಿ ಇದಕ್ಕೆ ನೋವಿನ ಉದಾಹರಣೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಬೆಳೆ ಒಣಬೇಸಾಯದ ಗಟ್ಟಿಗ. ಆಳಕ್ಕಿಳಿಯುವ ತಾಯಿಬೇರಿನಿಂದಾಗಿ ಬರವನ್ನು ತಡೆದುಕೊಳ್ಳುತ್ತದೆ, ಆದರೆ ಜವಳನ್ನು ತಡೆಯದು. ಎಳೆ ಪೈರಿನ ಬುಡದಲ್ಲಿ ಕೆಲವು ದಿನ ನೀರು ನಿಂತರೆ ಸಾಕು, ಫೈಟೊಫ್ಥೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಅಂಗಮಾರಿ ಕಾಂಡಕ್ಕೆ ಹತ್ತುತ್ತದೆ; ಸೋತ ಬೇರಿನ ಮೇಲೆ ಬೇರೆ ಕೊಳೆ ರೋಗಗಳೂ ಎರಗುತ್ತವೆ. ಇದಕ್ಕೆ ಪರಿಹಾರವೂ ಇದೆ: ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1970ರ ದಶಕದಲ್ಲೇ ಕಪ್ಪು ಮಣ್ಣಿಗೆಂದು ಅಗಲವಾದ ಏರುಮಡಿ ಮತ್ತು ಸಾಲಿನ ಪದ್ಧತಿಯನ್ನು ರೂಪಿಸಿತು. ಏರುಮಡಿಯ ಮೇಲೆ ಬೆಳೆ, ಪಕ್ಕದ ಸಾಲಿನಲ್ಲಿ ಹೆಚ್ಚುವರಿ ನೀರಿಗೆ ದಾರಿ. ಬೇರಿಗೆ ಒಂದು ಗೇಣು ಎತ್ತರ ಸಿಕ್ಕರೂ ಅದು ಉಸಿರಾಡುತ್ತದೆ. ಜೋರು ಮಳೆಯ ವರ್ಷಗಳು ಮತ್ತೆ ಮತ್ತೆ ಬರುತ್ತಿರುವಾಗ ಈ ಹಳೆಯ ಪಾಠವನ್ನು ಹೊಲಹೊಲಕ್ಕೆ ಮುಟ್ಟಿಸಬೇಕಾಗಿದೆ.

ಕೊಳೆಯ ಕಾಲ

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಬಿಡದೆ ಸುರಿಯುವ ವರ್ಷ ಮಲೆನಾಡಿನ ಮನೆಗಳಲ್ಲಿ ಮಾತು ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ‘ಕೊಳೆ ಬಂತಾ?’ ಎಳೆ ಅಡಿಕೆಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಮಚ್ಚೆ ಮೂಡಿ, ಕಾಯಿ ಬಣ್ಣಗೆಟ್ಟು, ಬಿಳಿಯ ಬೂಷ್ಟು ಹತ್ತಿ ರಾಶಿ ರಾಶಿ ಉದುರುವ ಈ ರೋಗಕ್ಕೂ ಕಾರಣ ಫೈಟೊಫ್ಥೊರಾ ಕುಲದ ಜೀವಿಯೇ. ಅದರ ಬೀಜಕಗಳಿಗೆ ಈಜುವ ಶಕ್ತಿಯಿದೆ. ಕಾಯಿಯ ಮೇಲೆ ನೀರಿನ ತೆಳು ಪೊರೆ ಇದ್ದರೆ ಸಾಕು, ಅದರಲ್ಲೇ ಚಲಿಸಿ ಒಳಹೊಗುತ್ತವೆ. ತಂಪು, ಕವಿದ ಮೋಡ, ಆರದ ತೇವ ಮೂರೂ ಕೂಡಿದಾಗ ಒಂದು ಅಡಿಕೆಗೊನೆಯಿಂದ ಇಡೀ ತೋಟಕ್ಕೆ ಹರಡಲು ಹೆಚ್ಚು ದಿನ ಬೇಡ.

ಈ ರೋಗದ ಬೆನ್ನು ಹತ್ತಿದವರಲ್ಲಿ ಪ್ರಮುಖ ಹೆಸರು ಲೆಸ್ಲಿ ಕೋಲ್ಮನ್ ಅವರದು. ಕೆನಡಾ ದೇಶದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ತೋಟಗಳಲ್ಲಿ ಓಡಾಡಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಅದಕ್ಕೂ ಮುಂಚೆ ನಮ್ಮ ಬೆಳೆಗಾರರಿಗೆ ತಿಳಿದಿದ್ದ ಉಪಾಯ ಕೊಟ್ಟೆ ಕಟ್ಟುವುದು. ಗೊನೆಯ ಮೇಲೆ ಮಳೆ ಬೀಳದಂತೆ ಕರಡದ ಹೊದಿಕೆ ಹಾಕುತ್ತಿದ್ದರು. ಕಾಯಿಯ ಮೇಲೆ ನೀರಿನ ಪೊರೆ ಕೂರದಂತೆ ನೋಡಿಕೊಳ್ಳುವ ಆ ಜಾಣ್ಮೆ ವಿಜ್ಞಾನಕ್ಕೆ ಸರಿಯಾಗಿಯೇ ಇತ್ತು. ಕೋಲ್ಮನ್ ಅದರ ಜಾಗಕ್ಕೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಕಂಡುಕೊಂಡಿದ್ದ ಬೋರ್ಡೊ ದ್ರಾವಣವನ್ನು ತಂದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇಂದು ಬಳಸುವ ಪಾಕ ಇದು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನಗಳ ನಂತರ ಇನ್ನೊಂದು ಸಲ. ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಡದ ವರ್ಷವೇ ಕೊಳೆಯ ವರ್ಷ.

ಆದರೆ ಔಷಧದಷ್ಟೇ ಮುಖ್ಯವಾದದ್ದು ತೋಟದ ನೆಲದಲ್ಲಿದೆ. ಬಸಿಗಾಲುವೆ ಮುಚ್ಚಿಹೋದ ತೋಟದಲ್ಲಿ ತೇವ ಆರುವುದಿಲ್ಲ. ಉದುರಿದ ರೋಗದ ಕಾಯಿಗಳು ಅಲ್ಲೇ ಬಿದ್ದು ಮುಂದಿನ ವರ್ಷದ ಬೀಜವಾಗುತ್ತವೆ. ಅಡಿಕೆಯ ಬೇರು ತೆಂಗಿನ ಬೇರಿನಂತೆ ಕವಲು ಕವಲಾಗಿ ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಮರಕ್ಕೆ ನೀರು ಇಷ್ಟ, ನಿಂತ ನೀರು ಕಷ್ಟ. ಅದಕ್ಕೆಂದೇ ಹಿರಿಯರು ತೋಟ ಎಬ್ಬಿಸುವಾಗ ಗಿಡ ನೆಡುವ ಮೊದಲು ನೀರು ಬಸಿಯುವ ಕಾದಿಗೆ ತೆಗೆಯುತ್ತಿದ್ದರು. ತೋಟದ ಕಾಳುಮೆಣಸಿಗೆ ಬರುವ ಶೀಘ್ರ ಸೊರಗು ರೋಗವೂ ಫೈಟೊಫ್ಥೊರಾ ಕುಲದ್ದೇ. ಬಳ್ಳಿಯ ಬುಡದ ಮಣ್ಣಿನಲ್ಲಿ ನೀರು ನಿಂತರೆ ಬೇರಿನಿಂದಲೇ ಮೇಲೇರುತ್ತದೆ. ಅಡಿಕೆಯ ಕೊಳೆಯನ್ನೂ ಮೆಣಸಿನ ಸೊರಗನ್ನೂ ತಡೆಯುವ ಕೆಲಸ ಒಂದೇ ಗುದ್ದಲಿಯಿಂದ ಶುರುವಾಗುತ್ತದೆ.

ತೊಳೆದು ಹೋಗುವ ಸತ್ವ

ಮಳೆ ನೀರನ್ನು ಕೊಡುತ್ತದೆ, ಜೊತೆಗೆ ಮಣ್ಣಿನ ಸತ್ವವನ್ನು ಒಯ್ಯುತ್ತದೆ. ನೂರಾರು ಮಿ.ಮೀ. ನೀರು ಮಣ್ಣಿನ ಮೂಲಕ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಲಕ್ಷಾಂತರ ವರ್ಷ ಹೀಗೆ ತೊಳೆದ ನೆಲವೇ ನಮ್ಮ ಕರಾವಳಿ, ಮಲೆನಾಡಿನ ಕೆಂಪು ಜಂಬಿಟ್ಟಿಗೆ. ಇಂಥ ಮಣ್ಣು ಹುಳಿಯಾಗುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗೆ ವಿಷವಾಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಕಟ್ಟಿಹಾಕಿಕೊಳ್ಳುತ್ತವೆ. ತೋಟಕ್ಕೆ ಸುಣ್ಣ ಕೊಡುವುದನ್ನು ಮರೆತು ಗೊಬ್ಬರದ ಚೀಲ ಹೆಚ್ಚಿಸುತ್ತ ಹೋದವರಿಗೆ ಇಳುವರಿ ಏಕೆ ಏರುತ್ತಿಲ್ಲ ಎಂಬುದರ ಉತ್ತರ ಇಲ್ಲಿದೆ.

ಮಳೆಗಾಲದ ಗಿಡಕ್ಕೆ ಇನ್ನೊಂದು ತೊಡಕೂ ಇದೆ. ಬಹುಮಟ್ಟಿಗೆ ಎಲೆಯಿಂದ ನೀರು ಆವಿಯಾದಾಗಲೇ ಬೇರಿನಿಂದ ಹೊಸ ನೀರು ಮೇಲೇರುತ್ತದೆ, ಅದರೊಂದಿಗೆ ಪೋಷಕಾಂಶವೂ. ಗಾಳಿಯೇ ಒದ್ದೆಯಾಗಿ ಸೂರ್ಯ ಕಾಣದ ಜುಲೈನಲ್ಲಿ ಎಲೆಯಿಂದ ಆವಿಯಾಗುವುದು ಬಹಳ ಕಡಿಮೆ. ಸುತ್ತ ನೀರೇ ನೀರು, ಆದರೂ ಗಿಡದೊಳಗಿನ ಹರಿವು ಮಂದ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಭಾರಿ ಮಳೆಯ ವರ್ಷ ಎಳೆಕಾಯಿ ಉದುರುವುದರ ಹಿಂದೆ ಉಸಿರು ಕಟ್ಟಿದ ಬೇರು, ಬೆಳಕಿಲ್ಲದ ಎಲೆ ಎರಡೂ ಇವೆ. ಮಾರ್ಚ್-ಏಪ್ರಿಲ್‌ನ ಹೂಮಳೆಗೆ ಕೈಮುಗಿಯುವ ಬೆಳೆಗಾರ ಆಗಸ್ಟಿನ ಮಳೆಗೆ ಹೆದರುವುದು ಸಹಜವೇ.

ತೊಳೆದು ಹೋಗುವುದನ್ನು ಮರಳಿ ತುಂಬುವ ವ್ಯವಸ್ಥೆಯೊಂದನ್ನು ಮಲೆನಾಡು ತಾನೇ ಕಟ್ಟಿಕೊಂಡಿತ್ತು. ಅದು ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟದ ಹಕ್ಕು ಇತ್ತು. ಮಳೆಗಾಲಕ್ಕೆ ಹಸಿ ಸೊಪ್ಪು, ಬೇಸಿಗೆಗೆ ದರಗು ಬೆಟ್ಟದಿಂದ ಇಳಿದು ಕೊಟ್ಟಿಗೆ ಸೇರಿ, ಗೊಬ್ಬರವಾಗಿ ತೋಟಕ್ಕೆ ಬರುತ್ತಿತ್ತು. ಆಳದ ಬೇರಿನ ಕಾಡುಮರಗಳು ಕೆಳಗಿಳಿದ ಪೋಷಕಾಂಶವನ್ನು ಎಲೆಗೆ ತರುತ್ತಿದ್ದವು, ಎಲೆ ಅದನ್ನು ತೋಟದ ಮೇಲ್ಮಣ್ಣಿಗೆ ತಲುಪಿಸುತ್ತಿತ್ತು. ಸೊಪ್ಪಿನ ಹೊದಿಕೆ ಜೋರು ಹನಿಯ ಪೆಟ್ಟನ್ನು ತಡೆಯುತ್ತಿತ್ತು, ಕೊಳೆತು ಮಣ್ಣಿನ ಕಣಗಳನ್ನು ಅಂಟಿಸಿ ರಂಧ್ರಗಳನ್ನು ಉಳಿಸುತ್ತಿತ್ತು, ಬೇಸಿಗೆಯಲ್ಲಿ ತೇವ ಆರದಂತೆ ನೋಡಿಕೊಳ್ಳುತ್ತಿತ್ತು. ಬೆಟ್ಟ ಬೋಳಾದ ಕಡೆ ತೋಟದ ನೆಲವೂ ಗಟ್ಟಿಯಾಗುತ್ತಿರುವುದನ್ನು ಕಂಡವರಿಗೆ, ಬೆಟ್ಟ ಮತ್ತು ತೋಟ ಎರಡು ಬೇರೆ ಆಸ್ತಿಗಳಲ್ಲ ಎಂದು ಹೇಳಬೇಕಾಗಿಲ್ಲ.

ನೀರಿಗೆ ಒಗ್ಗಿದವರು

ಎಲ್ಲ ಗಿಡಗಳೂ ಜವಳಿಗೆ ಸೋಲುವುದಿಲ್ಲ. ಭತ್ತದ ಎಲೆಯಿಂದ ಬೇರಿನ ತುದಿಯವರೆಗೆ ಗಾಳಿಯ ನಾಳಗಳಿವೆ. ಮೇಲಿನಿಂದ ಇಳಿದ ಆಮ್ಲಜನಕ ಬೇರಿನ ಸುತ್ತಲಿನ ಕೆಸರಿಗೂ ಸ್ವಲ್ಪ ಸೋರುತ್ತದೆ. ಅಲ್ಲಿ ಕರಗಿದ ಕಬ್ಬಿಣ ತುಕ್ಕಾಗಿ ಬೇರಿಗೆ ಕೆಂಪು ಲೇಪ ಕಟ್ಟುತ್ತದೆ. ನಾಟಿಯ ನಂತರ ಕಿತ್ತ ಸಸಿಯ ಬೇರನ್ನು ತೊಳೆದು ನೋಡಿದರೆ ಆ ಬಣ್ಣ ಕಾಣುತ್ತದೆ. ಆದರೆ ಭತ್ತವೂ ಪೂರ್ತಿ ಮುಳುಗಿದರೆ ಬದುಕುವುದು ಕಷ್ಟ. ಹೆಚ್ಚಿನ ತಳಿಗಳು ನೀರಿನಿಂದ ತಲೆ ಎತ್ತಲು ಉದ್ದ ಬೆಳೆದು ಶಕ್ತಿ ಕಳೆದುಕೊಂಡು ಸಾಯುತ್ತವೆ. ಒಡಿಶಾದ ಎಫ್‌ಆರ್ 13ಎ ಎಂಬ ತಳಿ ಹಾಗೆ ಮಾಡುವುದಿಲ್ಲ. ಮುಳುಗಿದೊಡನೆ ಬೆಳವಣಿಗೆ ನಿಲ್ಲಿಸಿ, ಇದ್ದ ಸಕ್ಕರೆಯನ್ನು ಉಳಿಸಿಕೊಂಡು, ಎರಡು ವಾರದವರೆಗೂ ಕಾಯುತ್ತದೆ. ಅದಕ್ಕೆ ಕಾರಣವಾದ ಸಬ್1ಎ ಜೀನ್ 2006ರಲ್ಲಿ ಪತ್ತೆಯಾಯಿತು. ಅದನ್ನು ಸ್ವರ್ಣಾ ತಳಿಗೆ ಸೇರಿಸಿದ ಸ್ವರ್ಣಾ-ಸಬ್1 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಹಳ್ಳಿಯ ತಳಿಯೊಂದರ ಸಹನೆ ನೆರೆಪೀಡಿತ ಬಯಲುಗಳಿಗೆ ಆಸರೆಯಾದದ್ದು ಹೀಗೆ.

ನಮ್ಮಲ್ಲೂ ಅಂಥ ತಳಿಗಳಿವೆ. ಕುಮಟಾ ಬಳಿ ಅಘನಾಶಿನಿ ನದಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ನೆರೆಯನ್ನೂ ಉಪ್ಪುನೀರನ್ನೂ ತಾಳುತ್ತದೆ. ದಕ್ಷಿಣ ಕನ್ನಡ, ಉಡುಪಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದೇ ಮಣ್ಣಿನಲ್ಲಿ ನೀರು ನಿಲ್ಲುವ ಕಾಲವನ್ನು ನೋಡಿ. ತಗ್ಗಿನ ಬೈಲಿಗೆ ಮೂರು ಬೆಳೆಯ ತೇವ, ನಡುವಿನ ಮಜಲಿಗೆ ಎರಡರದು, ಎತ್ತರದ ಬೆಟ್ಟಿಗೆ ಮಳೆಗಾಲದ ಒಂದೇ ಬೆಳೆ. ಯಾವ ಗದ್ದೆಗೆ ಯಾವ ತಳಿ ಎಂಬುದು ಅದರ ಮೇಲೆಯೇ ತೀರ್ಮಾನವಾಗುತ್ತಿತ್ತು.

ಕಾಡಿನಲ್ಲಿ ಇದರ ಪರಾಕಾಷ್ಠೆ ನೋಡಬೇಕೆಂದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು. ವರ್ಷದ ಬಹುಕಾಲ ನೀರು ಒಸರುವ ಅಲ್ಲಿನ ಜೌಗಿನಲ್ಲಿ ಕಾಡು ಜಾಯಿಕಾಯಿಯ ನೆಂಟರು ಬೆಳೆಯುತ್ತಾರೆ. ಒಂದು ಮರ ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿದೆ. ಇನ್ನೊಂದರ ಬೇರು ಕೆಸರಿನಿಂದ ಮೊಣಕಾಲಿನಂತೆ ಮಡಿಸಿಕೊಂಡು ಮೇಲೆದ್ದು ಗಾಳಿ ಕುಡಿದು ಮತ್ತೆ ಕೆಳಗಿಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಕರಾವಳಿಯ ಬೋಳು ಕಲ್ಲುಬಯಲುಗಳಾದ ಪದವುಗಳ ಮೇಲೆ ಮಣ್ಣು ಬೆರಳುದ್ದವೂ ಇಲ್ಲ. ಸತ್ವ ತೊಳೆದುಹೋದ ಆ ತೇವದಲ್ಲಿ ಡ್ರೊಸೆರಾ, ಯುಟ್ರಿಕ್ಯುಲೇರಿಯಾಗಳಂಥ ಪುಟ್ಟ ಗಿಡಗಳು ಕೀಟಗಳನ್ನು ಹಿಡಿದು ಸಾರಜನಕ ಗಳಿಸುತ್ತವೆ, ಮಳೆ ತೀರುವ ಮೊದಲೇ ಹೂಬಿಟ್ಟು ಬೀಜ ಉದುರಿಸುತ್ತವೆ. ಈ ಜೌಗು, ಈ ಪದವುಗಳನ್ನು ಕಂದಾಯದ ಕಡತಗಳಲ್ಲಿ ಉಪಯೋಗವಿಲ್ಲದ ಭೂಮಿ ಎಂದು ಬರೆದುಬಿಡುವುದು ಸುಲಭ. ನೀರನ್ನು ತಡೆದು, ಸೋಸಿ, ನಿಧಾನವಾಗಿ ಹೊಳೆಗೆ ಬಿಡುವ ಕೆಲಸವನ್ನು ಇವು ಯಾರ ಖರ್ಚೂ ಇಲ್ಲದೆ ಮಾಡುತ್ತಿವೆ.

ಎರೆಯ ಹಗೇವು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿಯ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆಯುತ್ತಿದ್ದರು. ಎರೆ ಭೂಮಿ ಮಳೆಗೆ ಮಾಡುವುದೂ ಅದನ್ನೇ. ಬೇಸಿಗೆಯಲ್ಲಿ ಬಾಯ್ದೆರೆದ ಬಿರುಕುಗಳ ಮೂಲಕ ಮೊದಲ ಮಳೆಗಳು ಆಳಕ್ಕಿಳಿಯುತ್ತವೆ. ನೀರು ಕುಡಿದ ಜೇಡಿ ಉಬ್ಬಿ ಬಿರುಕುಗಳು ಮುಚ್ಚುತ್ತವೆ. ವಿಜಯಪುರದ ಕಡೆ ಮಳೆ ಹೆಚ್ಚು ಬರುವ ತಿಂಗಳು ಸೆಪ್ಟೆಂಬರ್. ಉತ್ತರೆ, ಹಸ್ತ ಮಳೆಗಳ ತೇವ ನೆಲದಲ್ಲಿ ಕೂತ ಮೇಲೆ ರೈತರು ಕೂರಿಗೆ ಹೂಡುತ್ತಾರೆ. ಅಲ್ಲಿಂದ ಫೆಬ್ರುವರಿಯವರೆಗೆ ಜೋಳದ ಬೇರು ತೇವವನ್ನು ಹಿಂಬಾಲಿಸುತ್ತ ಕೆಳಗಿಳಿಯುತ್ತದೆ.

ಆದರೆ ಈ ಹಗೇವು ತಾನಾಗಿ ತುಂಬುವುದೂ ಇಲ್ಲ, ಮುಚ್ಚಿಯೂ ಇರುವುದಿಲ್ಲ. ಬಿರುಕು ಮುಚ್ಚಿದ ಮೇಲೆ ಎರೆಯಲ್ಲಿ ನೀರು ಇಂಗುವ ವೇಗ ತೀರ ಕಡಿಮೆ. ಜೋರು ಮಳೆ ಬಂದರೆ ಮೇಲ್ಮಣ್ಣನ್ನೇ ಹೊತ್ತುಕೊಂಡು ಓಡುತ್ತದೆ. ಬೆಳೆ ಎದ್ದ ಮೇಲೆ ನೆಲ ಒಣಗಿ ಮತ್ತೆ ಬಿರುಕು ಬಿಟ್ಟರೆ ತೇವ ಆವಿಯಾಗಿ ಹೋಗುತ್ತದೆ, ಬೇರೂ ಹರಿಯುತ್ತದೆ. 1933ರ ನಂತರ ದೇಶದಲ್ಲಿ ಒಣಬೇಸಾಯಕ್ಕೆಂದು ಆರಂಭವಾದ ಐದು ಸಂಶೋಧನಾ ಕೇಂದ್ರಗಳಲ್ಲಿ ಮೂರು ಇಂದಿನ ಕರ್ನಾಟಕದಲ್ಲೇ ಇದ್ದವು: ವಿಜಯಪುರ, ರಾಯಚೂರು, ಬಳ್ಳಾರಿಯ ಹಗರಿ. ಒಡ್ಡು ಹಾಕಿ, ಮಳೆಗಾಲಕ್ಕೆ ಮುಂಚೆ ಹೊಲವನ್ನು ಚೌಕುಮಡಿಗಳಾಗಿ ವಿಂಗಡಿಸಿ ಬಿದ್ದ ಮಳೆ ಬಿದ್ದಲ್ಲೇ ಇಂಗುವಂತೆ ಮಾಡಿ, ಬೆಳೆಯ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ ಎಂಬ ಸಲಹೆಗಳು ಇಂಥ ಕೇಂದ್ರಗಳ ದುಡಿಮೆಯಿಂದ ಗಟ್ಟಿಯಾದವು. ಮಾಲ್ದಂಡಿ ಜೋಳದಿಂದ ಆರಿಸಿದ ಎಂ 35-1 ತಳಿ ದಶಕಗಳ ನಂತರವೂ ಹಿಂಗಾರಿ ರೈತರ ಕೈಬಿಟ್ಟಿಲ್ಲ. ಅದರ ಹಿರಿಮೆ ಇಳುವರಿಯಲ್ಲಷ್ಟೇ ಇಲ್ಲ, ಉಳಿದ ತೇವದಲ್ಲೇ ರೊಟ್ಟಿಗೆ ಕಾಳನ್ನೂ ದನಕ್ಕೆ ಕಣಿಕೆಯನ್ನೂ ಕೊಡುವ ಗುಣದಲ್ಲಿದೆ.

ಒಂದೇ ದಿನದ ಮಳೆ

100 ಮಿ.ಮೀ. ಮಳೆ ಒಂದು ವಾರದಲ್ಲಿ ಬಿದ್ದರೆ ಮಣ್ಣು ಬಹುಪಾಲನ್ನು ತುಂಬಿಕೊಳ್ಳುತ್ತದೆ. ಅಷ್ಟೇ ಮಳೆ ಮೂರು ಗಂಟೆಗಳಲ್ಲಿ ಸುರಿದರೆ ಮೇಲಿನ ಪದರ ಮಾತ್ರ ನೆನೆದು ಉಳಿದದ್ದು ಕೊಚ್ಚಿ ಹೋಗುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆ ಎಂದು ತೋರಿಸಿತು. ಹೀಗೆ ಬರುವ ಮಳೆಯಲ್ಲಿ ವಾರ್ಷಿಕ ಸರಾಸರಿ ಸರಿಯಾಗಿದ್ದರೂ ನೆಲ ಬಾಯಾರಿರುತ್ತದೆ. ಜುಲೈನಲ್ಲಿ ಜವಳು, ಅಕ್ಟೋಬರಿನಲ್ಲಿ ಬರ: ಒಂದೇ ಹೊಲ ಒಂದೇ ವರ್ಷದಲ್ಲಿ ಎರಡನ್ನೂ ಕಾಣುವುದು ಈಗ ಅಪರೂಪವಲ್ಲ.

ಇಳಿಜಾರಿನಲ್ಲಿ ಅಪಾಯ ಇನ್ನೂ ದೊಡ್ಡದು. ವಾರಗಟ್ಟಲೆ ನೆನೆದ ಗುಡ್ಡದ ಮಣ್ಣಿನಲ್ಲಿ ನೀರಿನ ಭಾರ ಸೇರುತ್ತದೆ, ರಂಧ್ರಗಳಲ್ಲಿ ಒತ್ತಡ ಏರಿ ಕಣಗಳ ಹಿಡಿತ ಸಡಿಲವಾಗುತ್ತದೆ. ಆಮೇಲೆ ಬರುವ ಒಂದೆರಡು ದಿನದ ಜಡಿಮಳೆ ಸಾಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕಾಫಿ ಗಿಡ, ಮನೆ, ರಸ್ತೆಗಳ ಸಮೇತ ಜಾರಿದಾಗ ಅದನ್ನು ಇಡೀ ನಾಡು ಕಂಡಿತು. ರಸ್ತೆಗೆ, ಮನೆಗೆ, ರೆಸಾರ್ಟಿಗೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು, ಮೇಲಿನ ನೀರಿಗೆ ದಾರಿ ಬಿಡದಿದ್ದರೆ ಮಣ್ಣು ಎಷ್ಟು ದಿನ ತಡೆದೀತು?

ಮೇ ತಿಂಗಳ ಕೆಲಸ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಮಣ್ಣಿನ ತೇವವನ್ನು ಈಗ ಉಪಗ್ರಹಗಳೂ ಅಳೆಯುತ್ತವೆ. ಆದರೆ ಅವುಗಳ ಕಣ್ಣಿಗೆ ನೇರವಾಗಿ ಕಾಣುವುದು ಮೇಲಿನ ಕೆಲವು ಸೆಂಟಿಮೀಟರು ಮಾತ್ರ. ಬೇರಿನ ಆಳದಲ್ಲಿ ಏನಾಗಿದೆ ಎಂದು ತಿಳಿಯಲು ಗುದ್ದಲಿ ಬೇಕು. ಮಳೆ ನಿಂತ ಎರಡು ದಿನಕ್ಕೆ ಹೊಲದಲ್ಲೋ ತೋಟದಲ್ಲೋ ಒಂದೂವರೆ ಅಡಿ ಗುಂಡಿ ತೋಡಿ ನೋಡಬಹುದು. ಹಿಡಿ ಮಣ್ಣು ಅಮುಕಿದಾಗ ಉಂಡೆ ಕಟ್ಟಿ, ಬೆರಳು ಒತ್ತಿದರೆ ಪುಡಿಯಾದರೆ ಹದವಿದೆ. ನೀರು ಜಿನುಗಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬೂದು-ನೀಲಿ ಬಣ್ಣ ಕಂಡರೆ ಗಾಳಿ ತೀರಿದೆ ಎಂದರ್ಥ. ಅಂಥ ನೆಲಕ್ಕೆ ಆ ದಿನಗಳಲ್ಲಿ ಟ್ರ್ಯಾಕ್ಟರ್ ಇಳಿಸಬಾರದು. ಒದ್ದೆ ಮಣ್ಣಿನ ಮೇಲೆ ಬಿದ್ದ ಭಾರ ರಂಧ್ರಗಳನ್ನು ಹೊಸಕಿ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ, ಮುಂದಿನ ಮಳೆ ಅದನ್ನು ದಾಟುವುದಿಲ್ಲ.

ಉಳಿದ ಕೆಲಸಗಳು ಎಲ್ಲರಿಗೂ ಗೊತ್ತಿರುವಂಥವೇ. ನೆಲವನ್ನು ಬರಿದಾಗಿ ಬಿಡದೆ ಸೊಪ್ಪು, ದರಗು, ಬೆಳೆಯ ಉಳಿಕೆಯಿಂದ ಮುಚ್ಚಬೇಕು. ಸಾವಯವ ಅಂಶ ಹೆಚ್ಚಿದಷ್ಟೂ ಮಣ್ಣು ಮಳೆಗಾಲದಲ್ಲಿ ಬೇಗ ಬಸಿಯುತ್ತದೆ, ಬೇಸಿಗೆಯಲ್ಲಿ ತಡವಾಗಿ ಒಣಗುತ್ತದೆ. ಎರಡೂ ಕಷ್ಟಕ್ಕೆ ಮದ್ದು ಇದೊಂದೇ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಹರಿದು ಹೋಗುವ ನೀರಿಗೆ ಕೃಷಿ ಹೊಂಡ ಇರಬೇಕು. ಕೆಂಪು ನೆಲಕ್ಕೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡಬೇಕು.

ಇಷ್ಟನ್ನೂ ಒಬ್ಬ ರೈತ ತನ್ನ ಹೊಲದಲ್ಲಿ ಮಾಡಬಲ್ಲ. ಬಸಿಗಾಲುವೆಯ ವಿಷಯ ಮಾತ್ರ ಹಾಗಲ್ಲ. ನನ್ನ ಗದ್ದೆಯ ನೀರು ಪಕ್ಕದವರ ತೋಟ ದಾಟಿ, ಊರ ಹಳ್ಳ ಸೇರಿ, ಮುಂದಿನ ಊರಿನ ಕೆರೆಗೆ ಹೋಗಬೇಕು. ನಡುವೆ ಒಬ್ಬರು ಹಳ್ಳ ಒತ್ತಿ ಗದ್ದೆ ಮಾಡಿದರೆ, ಒಂದು ಮೋರಿಗೆ ಕಸ ಕಟ್ಟಿಕೊಂಡರೆ, ಮೇಲಿನ ಹತ್ತಾರು ಹೊಲಗಳ ಬೇರುಗಳಿಗೆ ಉಸಿರು ಕಟ್ಟುತ್ತದೆ. ಬೆಳೆ ಹೋದ ಮೇಲೆ ಪರಿಹಾರದ ಅರ್ಜಿ ಹಿಡಿದು ಅಲೆಯುವುದಕ್ಕಿಂತ, ರೋಹಿಣಿ ಮಳೆಗೆ ಮುಂಚೆ ಊರವರು ಕೂಡಿ ಕಾಲುವೆ ತೋಡುವುದು ಕಡಿಮೆ ಶ್ರಮದ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಬದು, ಕೃಷಿ ಹೊಂಡಗಳಿಗೆ ಸಿಕ್ಕ ಗಮನ ಹಳ್ಳದ ಹೂಳಿಗೂ ಬಸಿಗಾಲುವೆಗೂ ಸಿಗಬೇಕು. ಮೇ ತಿಂಗಳ ಗ್ರಾಮಸಭೆಯಲ್ಲಿ ರಸ್ತೆ, ಬೀದಿದೀಪಗಳ ಬೇಡಿಕೆಯ ಜೊತೆಗೆ, ಊರಿನ ನೀರು ಎಲ್ಲೆಲ್ಲಿ ಕಟ್ಟಿಕೊಂಡಿದೆ, ಯಾವ ಇಳಿಜಾರು ಬರಿದಾಗಿದೆ, ಯಾರ ಹೊಲ ಕಳೆದ ವರ್ಷ ಜವಳಾಯಿತು ಎಂಬ ಪಟ್ಟಿಯನ್ನೂ ಓದಬೇಕು. ಆ ಪಟ್ಟಿ ಬರೆಯಲು ಯಾವ ಉಪಕರಣವೂ ಬೇಡ. ಮಳೆಗಾಲದಲ್ಲಿ ತನ್ನ ಹೊಲದ ಬದುವಿನ ಮೇಲೆ ನಿಂತು ನೀರು ಹೋಗುವ ದಾರಿ ನೋಡಿದ ಪ್ರತಿಯೊಬ್ಬ ರೈತನಿಗೂ, ರೈತ ಮಹಿಳೆಗೂ ಅದು ಬಾಯಿಪಾಠವಾಗಿದೆ. ಅವರನ್ನು ಕೂರಿಸಿಕೊಂಡು ಕೇಳುವ ಕೆಲಸವೊಂದು ಆಗಬೇಕು.